ಕೇರಿ ಕಡೆಯ ಪೈಪು

ಗೋಡೆಗೆ ನೀರು ಕುಡಿಸಿದವರು ನಾವು. ಆ ನೀರನ್ನು ನಮಗೆ ಕುಡಿಯಲು ಬಿಡಲಿಲ್ಲ.

ಐಗಳಿಯ ರಸ್ತೆಗೆ ಹತ್ತಿಕೊಂಡು ಮುರಗೆಪ್ಪ ಸಾವುಕಾರನ ಒಣದ್ರಾಕ್ಷಿ ಶೆಡ್ಡು ಇದೆ. ಅದರ ಹಿಂದೆ, ತಗ್ಗಿನಲ್ಲಿ, ನಮ್ಮ ಕೇರಿ. ಇಳಿಜಾರಾಗಿದ್ದ ತನ್ನ ಜಾಗಕ್ಕೆ ಸಾವುಕಾರ ಟ್ರ್ಯಾಕ್ಟರುಗಟ್ಟಲೆ ಮುರುಮು ಮಣ್ಣು ಸುರಿಸಿ ಸಮ ಮಾಡಿಸಿದ. ಆ ಮಣ್ಣು ಜಾರಿ ಹೋಗಬಾರದೆಂದು ಕೇರಿಯ ಕಡೆಗೆ ಎತ್ತರದ ಗೋಡೆ ಕಟ್ಟಿಸಿದ. ಗೋಡೆಯ ಆಚೆ ಬದಿಗೆ ಸೊಂಟದೆತ್ತರ ಮಣ್ಣು. ಈಚೆ ಬದಿಗೆ ನಮ್ಮ ಮನೆಗಳು. ನಡುವೆ ಒಂದು ಚಕ್ಕಡಿ ಹೋಗುವಷ್ಟು ದಾರಿ ಇತ್ತು. ಗೋಡೆ ಅದನ್ನೂ ನುಂಗಿತು. ಒಬ್ಬರು ಮೈ ಓರೆ ಮಾಡಿ ನಡೆಯುವಷ್ಟು ಉಳಿಯಿತು.

ಕಟ್ಟಿದ ಗೌಂಡಿ ನಮ್ಮ ಭೂಪಾಲ. ಅವನ ಹೆಂಡತಿ ಸುಂದ್ರವ್ವ ಮತ್ತು ನಾನು ಮಾಲು ಹೊತ್ತೆವು. ನಾನು ಅವರ ನೆರೆಯವಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಸುಂದ್ರವ್ವ ಕೆಮ್ಮಿದರೆ ನನಗೆ ಕೇಳುತ್ತಿತ್ತು.

ಪಾಯದ ಕಲ್ಲುಗಳನ್ನು ನಾವೇ ಹೊತ್ತೆವು. ಆಮೇಲೆ ಇಟ್ಟಂಗಿ. ಆಮೇಲೆ ಸಿಮೆಂಟಿನ ಮಾಲು. ತಲೆಯ ಮೇಲಿನ ಸಿಂಬಿ ನೆನೆದು ನೆತ್ತಿಯ ಕೂದಲು ಉದುರಿತು. ಸಿಮೆಂಟು ಬೆರಳ ಸಂದಿಗಳನ್ನು ತಿಂದಿತು. ರಾತ್ರಿ ರೊಟ್ಟಿ ಮುರಿದರೆ ಖಾರ ಗಾಯದೊಳಗೆ ಇಳಿಯುತ್ತಿತ್ತು. ಎಡಗೈಯಿಂದ ಉಂಡೆವು.

ಹೊಸ ಗೋಡೆ ಬಿಸಿಲಿಗೆ ಬಿರಿಯಬಾರದು. ಅದಕ್ಕೆ ಮೂರು ಹೊತ್ತೂ ನೀರು ಹೊಡೆಯಬೇಕು. ಸಾವುಕಾರನ ಬೋರಿನ ಟಾಕಿಯಿಂದ ರಬ್ಬರಿನ ನಳಿಕೆ ಹಾಕಿ ಸುಂದ್ರವ್ವ ಹೊಡೆಯುತ್ತಿದ್ದಳು. ಒಂದು ಮಧ್ಯಾಹ್ನ, ನಾವು ಕೇರಿಯಿಂದ ತಂದಿದ್ದ ಕೊಡ ಖಾಲಿಯಾಗಿತ್ತು. ಅವಳು ಬೊಗಸೆಯಲ್ಲಿ ಹಿಡಿದು ಎರಡು ಗುಟುಕು ಕುಡಿದಳು. ಸಾವುಕಾರನ ಮಗ ಸಂಜಯ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

"ಬಾಯಿ ಹಚ್ಚಿದ್ಯಾ ಬೇ?"

"ಇಲ್ರಿ ಧಣಿ. ಕೈಯಾಗ ಹಿಡಕೊಂಡ ಕುಡದೇನ್ರಿ."

ಅವನು ಕುಡುಗೋಲು ತಂದ. ಅವಳ ಕೈಯಲ್ಲಿದ್ದ ಹಾಗೆಯೇ ನಳಿಕೆಯನ್ನು ಕತ್ತರಿಸಿದ. ಟಾಕಿಯ ಕೆಳಗಿನ ಬಿರಡೆ ತೆಗೆಸಿ ಇದ್ದಷ್ಟೂ ನೀರನ್ನು ನೆಲಕ್ಕೆ ಬಿಡಿಸಿದ. ಬೇಸಿಗೆ ಹತ್ತಿರ ಬಂದಿತ್ತು. ಕೇರಿಯ ನಳಕ್ಕೆ ನೀರು ಬಂದು ಬಹಳ ದಿನವಾಗಿತ್ತು. ಟಾಕಿ ಖಾಲಿಯಾಗುವವರೆಗೆ ಸುಂದ್ರವ್ವ ಕೈಯಲ್ಲಿ ತುಂಡು ನಳಿಕೆ ಹಿಡಿದುಕೊಂಡೇ ನಿಂತಿದ್ದಳು. ಅವನು ಹೋಗು ಅನ್ನಲಿಲ್ಲ.

ಭೂಪಾಲ ಗೋಡೆಗೆ ಕಟ್ಟಿದ ಪರಾಂಚಿಯ ಅಟ್ಟಣಿಗೆಯ ಮೇಲಿದ್ದ. ನೋಡಿದ. ಮತ್ತೆ ಇಟ್ಟಂಗಿಯ ಕಡೆಗೆ ತಿರುಗಿದ. ಅವನ ಸ್ವಭಾವವೇ ಹಾಗೆ. ಸಿಟ್ಟು ಬಂದರೆ ಥಾಪಿಯಿಂದ ಇಟ್ಟಂಗಿಯನ್ನು ಎರಡು ಪೆಟ್ಟು ಹೆಚ್ಚು ಹೊಡೆಯುತ್ತಿದ್ದ. ಅಷ್ಟೇ.

ಅವನು ಸಾವುಕಾರನಿಗೆ ಎದುರು ಮಾತಾಡಿದ್ದು ಒಂದೇ ಸಲ. ಅದು ಪೈಪಿನ ವಿಷಯಕ್ಕೆ.

ಹಿಂದೆ ಮಣ್ಣು ತುಂಬಿದ ಗೋಡೆಯ ಬುಡದಲ್ಲಿ ಪೈಪಿನ ತುಂಡುಗಳನ್ನು ಇಡಬೇಕು. ಮಳೆಯಲ್ಲಿ ನೆನೆದ ಮಣ್ಣಿನ ನೀರು ಅವುಗಳಿಂದ ಹೊರಗೆ ಬರಬೇಕು. ಇಲ್ಲದಿದ್ದರೆ ನೀರು ಒಳಗೇ ನಿಂತು ಗೋಡೆಯನ್ನು ನೂಕಿ ಕೆಡವುತ್ತದೆ. ಇದು ಕೂಲಿಗೆ ಹೋದ ಯಾವ ಹೆಂಗಸಿಗೂ ಗೊತ್ತು. ಪೈಪಿನ ಬಾಯಿ ಕೇರಿಯ ಕಡೆಗೇ ಬರುತ್ತಿತ್ತು. ಭೂಪಾಲ ಕೇಳಿದ್ದು ಇಷ್ಟೇ: ಗೋಡೆಯ ಬುಡಕ್ಕೆ ಹೊರಗಿನಿಂದ ಒಂದು ಸಣ್ಣ ಗಟಾರ ಕಟ್ಟಿ, ಆ ನೀರನ್ನು ಗೇಟಿನ ಮುಂದಿನಿಂದ ರಸ್ತೆಯ ಮೋರಿಗೆ ಸೇರಿಸೋಣ.

ಸಾವುಕಾರ ನಕ್ಕ. "ನನ್ನ ಗೇಟಿನ ಮುಂದ ನಿಮ್ಮ ಕೇರಿ ಗಟಾರ ಹರೀಬೇಕೇನಲೇ, ಭೂಪಾಲ್ಯಾ?"

"ಧಣೀ, ನೀರು ನಿಮ್ಮ ಶೆಡ್ಡಿಂದ ಅಲ್ರೀ?"

"ನನ್ನ ಕಡೆ ಇರೂತನಕ ನಂದು. ನಿಮ್ಮ ಕಡೆ ಬಿದ್ದ ಮ್ಯಾಲ ಅದು ಕೇರಿ ನೀರ. ಅದನ್ನ ತಂದು ನನ್ನ ಬಾಗಲದಾಗ ಹರಸ್ತೀಯಾ?"

"ಧಣೀ, ನಮ್ಮವು ಮಣ್ಣಿನ ಗ್ವಾಡಿ..."

"ಗೌಂಡಿ ಅದೀಯೋ, ಇಂಜಿನೀರ ಅದೀಯೋ? ಕಟ್ಟು ಅಂದಂಗ ಕಟ್ಟು. ಆಗಂಗಿಲ್ಲಂದ್ರ ನಾಳೆ ಬ್ಯಾರೆದಾಂವ ಬರ್ತಾನ."

ಭೂಪಾಲ ಕಟ್ಟಿದ. ಪೈಪುಗಳನ್ನು ತಾನೇ ಇಟ್ಟ. ಹೊರಗೆ ಇಳಿಜಾರು ಕೊಟ್ಟು, ಒಳಗಿನ ಬಾಯಿಗೆ ಇಟ್ಟಂಗಿ ಚೂರು ತುಂಬಿ, ಮಣ್ಣು ಬಂದು ಕಟ್ಟಿಕೊಳ್ಳದಂತೆ ಇಟ್ಟ. ಗೋಡೆಯ ತಲೆಯ ಮೇಲೆ ಹಾಸುಗಲ್ಲು ಕೂಡಿಸಿ, ಅದರ ಇಳಿಜಾರನ್ನೂ ಸಾವುಕಾರ ಹೇಳಿದಂತೆ ನಮ್ಮ ಕಡೆಗೇ ಕೊಟ್ಟ. ಗೋಡೆಯ ಮೇಲೆ ಬಿದ್ದ ಹನಿಯೂ ಶೆಡ್ಡಿನ ಕಡೆ ಹೋಗಬಾರದಿತ್ತು. ಎರಡೂ ಬದಿಗೆ ದಪ್ಪ ಗಿಲಾವು. ಗೋಡೆ ಮುಗಿದ ದಿನ ಸಾವುಕಾರ ಬಂದು ಅಂಗೈಯಿಂದ ತಟ್ಟಿ ನೋಡಿದ. "ನನ್ನ ಮೊಮ್ಮಕ್ಕಳ ಕಾಲಕ್ಕೂ ಅಳಗ್ಯಾಡಂಗಿಲ್ಲ," ಅಂದ.

ಭೂಪಾಲನ ಮನೆ ಆ ಗೋಡೆಗೆ ಎದುರು. ಹಸಿ ಇಟ್ಟಂಗಿಯ ಮನೆ. ಅವನ ಅಪ್ಪ ಕೆಸರು ತುಳಿದು ಕಟ್ಟಿದ್ದು. ಒಂದು ಪೈಪಿನ ಬಾಯಿ ನೇರವಾಗಿ ಅದರ ಗೋಡೆಯನ್ನು ನೋಡುತ್ತಿತ್ತು.

ಮೊದಲು ಬಂದದ್ದು ಮಳೆಯ ನೀರಲ್ಲ. ದ್ರಾಕ್ಷಿಯನ್ನು ಒಣಗಿಸುವ ಮೊದಲು ಔಷಧಿಯ ನೀರಿನಲ್ಲಿ ಅದ್ದುತ್ತಾರೆ. ಹಂಗಾಮು ಶುರುವಾದಾಗ ಆ ಎಣ್ಣೆ ಎಣ್ಣೆ ನೀರು ಪೈಪಿನಿಂದ ಇಳಿಯಿತು. ದಾರಿ ಇಕ್ಕಟ್ಟು. ಅದನ್ನು ತುಳಿಯದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹೆಂಗಸರ ಕಾಲ ಬೆರಳುಗಳು ಬಿರಿದು ಕೆಂಪಾದವು. ಕೋಳಿಗಳು ಕುಡಿದು ಸತ್ತವು. ನಾವು ಹೋಗಿ ಹೇಳಿದರೆ, "ಚಪ್ಪಲಿ ಹಾಕ್ಕೊಂಡ ಅಡ್ಯಾಡ್ರಿ. ಈಗ ಯಾರ ಬ್ಯಾಡ ಅಂತಾರ ನಿಮಗ?" ಎಂದು ಸಂಜಯ ಹೇಳಿದ. ಅವನ ಜೊತೆಗಿದ್ದವರು ನಕ್ಕರು.

ಆಮೇಲೆ ಮುಂಗಾರು. ಪೈಪುಗಳು ದಿನವೂ ಹರಿದವು. ಮಳೆ ನಿಂತರೂ ಮಣ್ಣಿನೊಳಗಿನ ನೀರು ಬರುತ್ತಲೇ ಇತ್ತು. ನಮ್ಮ ಮನೆಗಳ ಬುಡ ಒಣಗಲೇ ಇಲ್ಲ. ತೇವ ಮೊದಲು ಗೇಣೆತ್ತರ ಏರಿತು. ಆಮೇಲೆ ಮೊಳದೆತ್ತರ. ಬಿಳಿ ಸವಳು ಒಡೆದು ಬಂತು. ಸುಂದ್ರವ್ವ ಸೆಗಣಿ ಮಣ್ಣು ಕಲಸಿ ಮೆತ್ತುತ್ತಿದ್ದಳು. ಮರುದಿನ ಅದು ಕಳಚಿ ಬೀಳುತ್ತಿತ್ತು. ಇಡೀ ಊರಿನ ಗೋಡೆಗಳನ್ನು ಗಟ್ಟಿ ಮಾಡಿದ ಭೂಪಾಲ ಕೆಲಸದಿಂದ ಬಂದು ತನ್ನ ಗೋಡೆಯ ಬುಡಕ್ಕೆ ಕಲ್ಲು ಒತ್ತುತ್ತ ಕೂಡುತ್ತಿದ್ದ. ಕಲ್ಲು ಕೆಸರಿನಲ್ಲಿ ಇಳಿದು ಹೋಗುತ್ತಿತ್ತು.

ಅವರ ಮಗಳು ಕೋಮಲ. ಅಥಣಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಕೆಂಪನೆಯ ಮುಖ, ದಪ್ಪ ಜಡೆ, ಹರಿತ ಬಾಯಿ. ಕಾಲೇಜಿಗೆ ಹೋಗುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕೆಸರು ದಾಟಿ, ರಸ್ತೆಯಲ್ಲಿ ಬಾಟಲಿಯ ನೀರಿನಿಂದ ಕಾಲು ತೊಳೆದು ಹಾಕಿಕೊಳ್ಳುತ್ತಿದ್ದಳು. ಅಪ್ಪನನ್ನು ಅವಳು ಬಿಡುತ್ತಿರಲಿಲ್ಲ.

"ಅಪ್ಪಾ, ನೀನ ಇಟ್ಟ ಪೈಪ. ನೀನ ಮುಚ್ಚು."

"ಮುಚ್ಚಿದ್ರ ಗ್ವಾಡಿ ಹೊಟ್ಟಿ ಬಿಡತೈತಿ ತಾಯಿ. ನಮ್ಮ ಮ್ಯಾಲ ಬೀಳತೈತಿ."

"ಬಿಟ್ಟರ ನೀರ ನಮ್ಮ ಮ್ಯಾಲ. ಮುಚ್ಚಿದ್ರ ಗ್ವಾಡಿ ನಮ್ಮ ಮ್ಯಾಲ. ಭಾರಿ ಕಟ್ಟೀಯಪ್ಪಾ ನೀ."

ಭೂಪಾಲ ತಲೆ ತಗ್ಗಿಸಿದ. ಸುಂದ್ರವ್ವ ಮಗಳ ಬೆನ್ನಿಗೆ ಒಂದು ಗುದ್ದಿದಳು. ಆಮೇಲೆ ಮತ್ತೆ ಸೆಗಣಿ ಮಣ್ಣು ಕಲಸಲು ಕೂತಳು. ಮಗಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಹಿಂಗಾರಿನಲ್ಲಿ ಹಿಡಿದ ಮಳೆ ಬಿಡಲಿಲ್ಲ. ಭೂಪಾಲನ ಮನೆಯ ಗೋಡೆ ಬುಡದಲ್ಲಿ ಅರ್ಧಕ್ಕರ್ಧ ತಿಂದು ಹೋಗಿತ್ತು. ಒಂದು ಬೆಳಗ್ಗೆ ಭೂಪಾಲ ಕೆಲಸಕ್ಕೆ ಹೋದ ಮೇಲೆ ಕೋಮಲ ಕೇರಿಯ ಹುಡುಗಿಯರನ್ನು ಕರೆದಳು. ತನ್ನ ಹಳೆಯ ಶಾಲೆಯ ಲಂಗವನ್ನು ಹರಿದಳು. ಅಜ್ಜಿಯ ಸೀರೆ ಹರಿದಳು. ಅರಿವೆಯಲ್ಲಿ ಜೇಡಿಮಣ್ಣು ಸುತ್ತಿ ಪೈಪುಗಳ ಬಾಯಿಗೆ ಒನಕೆಯಿಂದ ಜಡಿದಳು. ಮನೆಯ ಮುಂದಿನದು, ಅದರ ಆಚೆಯದು, ಅದರ ಆಚೆಯದು. ನಾನು ನೋಡುತ್ತ ನಿಂತಿದ್ದೆ. ಸುಂದ್ರವ್ವನೂ ನೋಡುತ್ತಿದ್ದಳು. ತಡೆಯಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ದಾರಿಯಲ್ಲಿ ನೀರಿನ ಸದ್ದು ನಿಂತಿತು. ಕೋಮಲ ಕೈಯ ಕೆಸರನ್ನು ಸಾವುಕಾರನ ಗಿಲಾವಿಗೆ ಒರೆಸಿದಳು. "ಗೌಂಡಿ ಮಗಳದೀನಿ," ಎಂದು ನಕ್ಕಳು.

ಮರುದಿನ ಶೆಡ್ಡಿನ ಅಂಗಳದಲ್ಲಿ ನೀರು ನಿಂತಿತು. ಸಂಜಯ ಗೋಡೆಯ ಮೇಲೆ ಹತ್ತಿ ಕೆಳಗೆ ಬಗ್ಗಿ ನೋಡಿದ. ಅರಿವೆ ಕಂಡಿತು.

ಮಧ್ಯಾಹ್ನ. ಮಳೆ ಸುರಿಯುತ್ತಿತ್ತು. ಕೆಲಸ ನಿಂತಿದ್ದರಿಂದ ಭೂಪಾಲ ಮನೆಯಲ್ಲೇ ಇದ್ದ. ಅವನು ಊಟಕ್ಕೆ ಕೂತಿದ್ದ. ಸಂಜಯನ ಇಬ್ಬರು ಆಳುಗಳು ಬಂದು ಅವನ ಅಂಗಿಯ ಕೊರಳ ಪಟ್ಟಿ ಹಿಡಿದು ಎಬ್ಬಿಸಿದರು. ಬಾಯಲ್ಲಿದ್ದ ತುತ್ತು ನುಂಗಲೂ ಬಿಡಲಿಲ್ಲ.

"ನಾ ಮಾಡೇನಿ, ನನ್ನ ಕೇಳ್ರಿ," ಎಂದು ಕೋಮಲ ಮುಂದೆ ಬಂದಳು. ಒಬ್ಬ ಅವಳನ್ನು ಒಳಗೆ ನೂಕಿದ. "ಒಳಗ ಕುಂದ್ರ. ಗಂಡಸರು ಇದ್ದಾರಲ್ಲ ಮನ್ಯಾಗ."

ಸಂಜಯ ಗೋಡೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ. "ತಗೀಲೇ. ನಿನ್ನ ಕೈಲೇ ತಗೀ. ನನ್ನ ಗ್ವಾಡಿ ಹೋದ್ರ ನಿಮ್ಮ ಕೇರೀನ ಅಳಿಸಿ ಹಾಕ್ತೀನಿ."

"ಧಣೀ, ಮಳಿ ನಿಂದರ್ಲಿರಿ. ಒಮ್ಮೆಲೇ ಬಿಟ್ಟರ ನಮ್ಮ ಮನಿ..."

"ನಿಮ್ಮ ಮನಿ ಕೇಳಿದ್ನೇನ ನಾ? ಕೂಡ್ರು ಕೆಳಗ!"

ಭೂಪಾಲ ಕೆಸರಿನಲ್ಲಿ ಮಂಡಿಯೂರಿದ. ಆಳು ಕಬ್ಬಿಣದ ಹಾರಿಯನ್ನು ಕೊಡಲು ಹೋದರೆ ಸಂಜಯ ಬೇಡವೆಂದ. ಪೈಪು ಒಡೆದೀತು ಎಂದ. ಕೈ ಹಾಕು ಎಂದ. ಭೂಪಾಲ ತನ್ನ ಮನೆಯ ಎದುರಿನ ಪೈಪಿಗೆ ಕೈ ಹಾಕಿದ. ಮೊಣಕೈವರೆಗೆ ಹೋಯಿತು. ಕಣ್ಣು ಮುಚ್ಚಿಕೊಂಡು ಎಳೆದ. ನೀಲಿ ಲಂಗದ ಚೂರು ಬಂತು. ಮತ್ತೆ ಕೈ ಹಾಕಿದ. ಮಣ್ಣು ಬಂತು. ಮತ್ತೆ ಎಳೆದ.

ನೀರು ಬಂದ ರಭಸಕ್ಕೆ ಅವನು ಮಗುಚಿ ಬಿದ್ದ. ಹಿಂದಿನ ದಿನದಿಂದ ಕಟ್ಟಿಕೊಂಡಿದ್ದ ನೀರು. ಮಣ್ಣು, ಕಲ್ಲು, ಎಲ್ಲ ಕೂಡಿ ಬಂತು. ಎದುರಿನ ಗೋಡೆಯ ಬುಡಕ್ಕೆ ಹೊಡೆಯಿತು. ಸುಂದ್ರವ್ವ ಬಾಗಿಲಲ್ಲಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ. "ಕೋಮೀ, ಹೊರಗ ಬಾ" ಎಂದು ಅವಳು ಕೂಗಿದಳು. ಒಳಗೆ ಕೋಮಲ ಎದ್ದು ಕೂಡಲಾರದ ಅಜ್ಜಿಯನ್ನು ಹೊರಸಿನ ಸಮೇತ ಎಳೆಯುತ್ತಿದ್ದಳು. "ಬಂದೆ ಅವ್ವಾ, ಮುದುಕಿನ್ನ..." ಅಂದಳು.

ಗೋಡೆ ಸದ್ದು ಮಾಡಲಿಲ್ಲ. ನೆನೆದ ಗೋಡೆ ಸದ್ದು ಮಾಡುವುದಿಲ್ಲ. ಮೊದಲು ಬುಡ ಕೂತಿತು. ಆಮೇಲೆ ಇಡೀ ಗೋಡೆ ಒಳಗೆ ಮಲಗಿತು. ಅದರ ಮೇಲೆ ತೊಲೆ, ಅದರ ಮೇಲೆ ಮಾಳಿಗೆಯ ಮಣ್ಣು.

ಮೇಲಿನಿಂದ ಸಂಜಯ ಕೇಳಿದ: "ಏನ ಬಿತ್ತಲೇ ಅಲ್ಲೆ?"

ಭೂಪಾಲ ಎದ್ದು ಓಡಿದ. ಸಂಜಯ ಕೂಗಿದ: "ಎಲ್ಲಿ ಓಡ್ತೀಲೇ? ಇನ್ನೂ ಎರಡ ಪೈಪ ಅದಾವು."

ನಾವು ಕೈಯಿಂದಲೇ ಮಣ್ಣು ತೆಗೆದೆವು. ಭೂಪಾಲ ಉಗುರಿನಿಂದ ಅಗೆದ. ಅಜ್ಜಿ ಹೊರಸಿನ ಕೆಳಗಿನ ಸಂದಿಯಲ್ಲಿ ಉಸಿರಾಡುತ್ತಿದ್ದಳು. ಕೋಮಲಳ ಬಾಯಿ ತುಂಬ ಮಣ್ಣಿತ್ತು. ಸುಂದ್ರವ್ವ ಬೆರಳು ಹಾಕಿ ತೆಗೆದಳು. ಮತ್ತೂ ಇತ್ತು. ಮತ್ತೆ ತೆಗೆದಳು. ನಾನು ಅವಳ ಕೈ ಹಿಡಿದೆ. ಬಿಡಿಸಿಕೊಂಡು ಮತ್ತೆ ತೆಗೆದಳು.

ಹಣ್ಣಿನ ಗಾಡಿಗಳು ಶೆಡ್ಡಿನಲ್ಲಿ ನಿಂತಿದ್ದವು. ಒಂದನ್ನೂ ಕೊಡಲಿಲ್ಲ. ಅಥಣಿಯ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದರು. ಠಾಣೆಗೆ ಕೇಸು ಕೊಡಲು ಹೋದರೆ, ಮಳೆಗೆ ಮಣ್ಣಿನ ಮನೆ ಬಿದ್ದಿದೆ, ಯಾರ ಮೇಲೆ ಕೇಸು ಮಾಡುವುದು, ಮಳೆಯ ಮೇಲೇನು, ಎಂದು ಕಳಿಸಿದರು. ಬಿದ್ದ ಮನೆ ನೋಡಲು ಬಂದ ತಾಲೂಕಿನ ಸಾಹೇಬರು ಪೈಪಿನ ಕಡೆಗೆ ತಿರುಗಿಯೂ ನೋಡಲಿಲ್ಲ. ಬೂಟಿಗೆ ಕೆಸರು ಹತ್ತುತ್ತದೆಂದು ರಸ್ತೆಯಲ್ಲೇ ನಿಂತು ಹೋದರು. ಊರಲ್ಲಿ ಸಾವುಕಾರ ಹೇಳಿಕೊಂಡು ತಿರುಗಿದ: "ಹುಡುಗಿ ಪೈಪ ಮುಚ್ಚಿದ್ಲು. ಮಾಡಿದ್ದ ಉಂಡ್ಲು."

ಆ ಮಾತು ಸುಂದ್ರವ್ವನ ಕಿವಿಗೂ ಬಿತ್ತು. ಅವಳು ಅಳುವುದನ್ನು ನಿಲ್ಲಿಸಿದ್ದು ಅಂದೇ.

ಭೂಪಾಲ ಮಾತೇ ಬಿಟ್ಟ. ತನ್ನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ನಮ್ಮ ಪಡಸಾಲೆಯಲ್ಲಿ ಕೂತಿರುತ್ತಿದ್ದ. ಆ ಕೈಯಿಂದ ಅವನು ಉಣ್ಣುತ್ತಿರಲಿಲ್ಲ. ನನ್ನ ಗಂಡ ತಿನ್ನಿಸಿದರೆ ತಿನ್ನುತ್ತಿದ್ದ.

ಮಣ್ಣು ಕೊಟ್ಟು ವಾರವೂ ಆಗಿರಲಿಲ್ಲ. ಸಾವುಕಾರ ತಾನೇ ಕೇರಿಗೆ ಬಂದ. ಅವನ ಕಾಲು ನಮ್ಮ ಕೇರಿಯಲ್ಲಿ ಬಿದ್ದದ್ದು ಅದೇ ಮೊದಲು. ಅವನ ಗೋಡೆ ಹೊಟ್ಟೆ ಬಿಟ್ಟಿತ್ತು. ಉಳಿದ ಎರಡು ಪೈಪುಗಳನ್ನು ಯಾರೂ ತೆರೆದಿರಲಿಲ್ಲ. ಅಲ್ಲಿ ನೀರು ನಿಂತು ನೂಕಿತ್ತು. ಗಿಲಾವು ಬಿರಿದು ಒಳಗಿನ ಇಟ್ಟಂಗಿ ಕಾಣುತ್ತಿತ್ತು.

"ಆದದ್ದ ಆತು ಭೂಪಾಲಾ," ಅಂದ. ಅವತ್ತು ಭೂಪಾಲ್ಯಾ ಅನ್ನಲಿಲ್ಲ. "ಈ ಗ್ವಾಡಿ ಪಾಯಾ ನಿನಗ ಗೊತ್ತು. ದುರಸ್ತ ಮಾಡ್ಕೊಡು. ನಿನ್ನ ಮನೀಗಿ ಬೇಕಾದಷ್ಟ ಸಿಮೆಂಟ ಒಯ್ಯಿ. ಇಲ್ಲಂದ್ರ ಮುಂದಿನ ಮಳಿಗೆ ಇದು ಬೀಳೂದ ನಿಮ್ಮ ಮ್ಯಾಲ. ನನಗೇನೂ ಆಗಂಗಿಲ್ಲ."

ಅದು ನಿಜವಾಗಿತ್ತು. ಅದಕ್ಕೇ ಕೇರಿ ಹೆದರಿತು. ಹಿರಿಯ ಲಗಮಣ್ಣ ಕಾಕಾ ಮುಂದೆ ಬಂದು ಭೂಪಾಲನ ಹೆಗಲ ಮೇಲೆ ಕೈ ಇಟ್ಟ. "ಮಾಡ್ಕೊಡು ತಮ್ಮಾ. ನಿನ್ನ ಮಗಳು ಹೋತು. ಉಳಿದವರ ಮಕ್ಕಳರ ಉಳೀಲಿ."

ಭೂಪಾಲ ಎದ್ದು ನಿಂತ. ಮೂಲೆಯಲ್ಲಿದ್ದ ಥಾಪಿ ತೆಗೆದುಕೊಂಡ. ಕರೆದರೆ ಹೋಗುವುದು ಅವನ ಮೈಗೆ ಹತ್ತಿತ್ತು. ಎರಡು ಹೆಜ್ಜೆ ಇಟ್ಟ.

ಸುಂದ್ರವ್ವ ಅಡ್ಡ ನಿಂತಳು.

"ಎಲ್ಲಿ ಹೊಂಟ್ರಿ?"

ಅವನು ಪಕ್ಕದಿಂದ ದಾಟಿ ಹೋಗಲು ನೋಡಿದ.

"ಮಗಳನ್ನ ಹೂತ ಮಣ್ಣ ಇನ್ನೂ ಹಸಿ ಐತಿ. ಆಕಿನ್ನ ಕೊಂದ ಗ್ವಾಡಿಗೆ ಗಿಲಾವ ಹಚ್ಚಾಕ ಹೊಂಟೀರೇನ್ರಿ?"

"ಏ ಸುಂದ್ರೀ," ಸಾವುಕಾರ ಅಂದ, "ಗಂಡಸರ ಮಾತಿನ್ಯಾಗ ಬರಬ್ಯಾಡ."

ಸುಂದ್ರವ್ವ ಅವನ ಕಡೆ ತಿರುಗಿದಳು. ಅವಳು ತಲೆಯ ಸೆರಗು ಸರಿ ಮಾಡಿಕೊಳ್ಳಲಿಲ್ಲ. ದೂರ ಸರಿಯಲೂ ಇಲ್ಲ. "ಈ ಗ್ವಾಡಿ ಕಲ್ಲ ನಾ ಹೊತ್ತೇನಿ. ಮಾಲ ನಾ ಹೊತ್ತೇನಿ. ನೀರ ನಾ ಕುಡಿಸೇನಿ. ಗಂಡಸರ ಮಾತ ಹೆಂಗಾತು ಇದು? ನಾವ್ ದುರಸ್ತ ಮಾಡಂಗಿಲ್ಲ."

"ಮತ್ತ ನಿಮ್ಮ ಮ್ಯಾಲ ಬಿದ್ರ?"

"ಬೀಳಾಕ ಬಿಡಂಗಿಲ್ಲ. ಇಳಸ್ತೀವಿ."

ಸಾವುಕಾರನಿಗೆ ಅರ್ಥವಾಗಲಿಲ್ಲ. ನಮಗೂ ಆಗಿರಲಿಲ್ಲ. ಅವನು ಉಗುಳಿ ಹೋದ. "ನಾಳೆ ಹೊತ್ತ ಹೊಂಡೂದ್ರಾಗ ಕೆಲಸಕ್ಕ ಬರಬೇಕು," ಎಂದು ಭೂಪಾಲನಿಗೆ ಹೇಳಿ ಹೋದ.

ಮರುದಿನ ಹೊತ್ತು ಹುಟ್ಟುವ ಮೊದಲೇ ಸುಂದ್ರವ್ವ ನನ್ನ ಬಾಗಿಲು ಬಡಿದಳು. ಕೈಯಲ್ಲಿ ಹಾರಿ ಇತ್ತು. "ಬುಟ್ಟಿ ತಗೊಂಡ ಬಾರಬೇ," ಅಂದಳು. ಕೆಲಸಕ್ಕೆ ಕರೆದ ಹಾಗೆಯೇ ಕರೆದಳು. ನಾನು ಸಿಂಬಿ ಹುಡುಕಿಕೊಂಡು ಹೊರಟೆ.

ಏಣಿ ಹಾಕಿ ಅವಳೇ ಹತ್ತಿದಳು. ಗೋಡೆಯ ತಲೆಯ ಹಾಸುಗಲ್ಲಿನ ಸಂದಿಗೆ ಹಾರಿ ಇಟ್ಟು ಮೀಟಿದಳು. ಅಲುಗಲಿಲ್ಲ. ಅದನ್ನು ಕೂಡಿಸಿದವನು ಕೆಲಸ ಬಲ್ಲವನು. ಮತ್ತೆ ಮೀಟಿದಳು. ಕೆಳಗೆ ಹೆಂಗಸರು ಕೂಡಿದರು. ಲಗಮಣ್ಣ ಕಾಕಾ, "ಇಳೀ ತಂಗೀ, ಪೊಲೀಸರನ್ನ ತರ್ತಾರ, ಎಲ್ಲಾರನ್ನೂ ಒಯ್ತಾರ" ಎಂದು ಕೈ ಮುಗಿದ. ಅವಳು ಇಳಿಯಲಿಲ್ಲ.

ಆಗ ಭೂಪಾಲ ಬಂದ. ಹೊಟ್ಟೆ ಬಿಟ್ಟ ಜಾಗಕ್ಕೆ ಮೊದಲು ಮನೆಯ ಮುರಿದ ತೊಲೆಗಳನ್ನು ಓರೆಯಾಗಿ ಆನಿಸಿದ. ಮಗಳ ಮೇಲೆ ಬಿದ್ದ ತೊಲೆಗಳು. ಕಲ್ಲು ಬಡಿದು ಗಟ್ಟಿ ಮಾಡಿದ. ಅಲ್ಲಿದ್ದ ಮಕ್ಕಳನ್ನೆಲ್ಲ ದೂರ ಕಳಿಸಿದ. ಆಮೇಲೆ ಏಣಿ ಹತ್ತಿ ಹೆಂಡತಿಯ ಕೈಯಿಂದ ಹಾರಿ ತೆಗೆದುಕೊಂಡ. ಮಗಳು ಹೋದ ಮೇಲೆ ಅವನ ಬಾಯಿಂದ ಮೊದಲ ಮಾತು ಬಂತು.

"ಅಲ್ಲೆ ಅಲ್ಲ. ಇಲ್ಲಿ ಮೀಟಬೇಕು."

ಕಲ್ಲು ಎದ್ದಿತು.

ಅವನು ಬಿಚ್ಚಿದ. ನಾವು ಹೊತ್ತೆವು. ಇಟ್ಟಂಗಿಗಳನ್ನು ಒಂದೊಂದಾಗಿ ಇಳಿಸಿ, ಸಾವುಕಾರನ ಜಾಗದಲ್ಲೇ, ಅವನ ಕಣ್ಣೆದುರೇ ಪೇರಿಸಿಟ್ಟೆವು. ಒಂದು ಇಟ್ಟಂಗಿಯನ್ನೂ ಕದಿಯಲಿಲ್ಲ, ಒಡೆಯಲಿಲ್ಲ. ಹಿಂದಿನ ಹಸಿ ಮಣ್ಣನ್ನು ಸಲಿಕೆಯಿಂದ ಎತ್ತಿ ಅವನ ಅಂಗಳಕ್ಕೇ ಎಸೆದೆವು. ಸಂಜಯ ಬಂದು ಏಣಿಗೆ ಒದ್ದ. ಭೂಪಾಲ ಗೋಡೆಯ ಮೇಲೆ ಕೂತಿದ್ದರಿಂದ ಬೀಳಲಿಲ್ಲ. ಸಂಜಯ ಸುಂದ್ರವ್ವನ ಜಡೆ ಹಿಡಿದು ಎಳೆದ. ಅವಳು ತಲೆಯ ಮೇಲಿನ ಇಟ್ಟಂಗಿ ಬುಟ್ಟಿಯನ್ನು ಅವನ ಪಾದದ ಮೇಲೆ ಬಿಟ್ಟಳು. ಅವನು ಕೂಗಿದ. ಅವನ ಕೂಗು ನಮಗೆಲ್ಲ ಚೆನ್ನಾಗಿ ಕೇಳಿಸಿತು.

ಪೊಲೀಸರು ಬರುವಷ್ಟರಲ್ಲಿ ಹೊಟ್ಟೆ ಬಿಟ್ಟ ಗೋಡೆ ಪೂರ್ತಿ ಇಳಿದಿತ್ತು. ಕೇರಿಯ ಮೇಲೆ ಬೀಳುವಂಥದ್ದು ಏನೂ ಉಳಿದಿರಲಿಲ್ಲ. ಭೂಪಾಲನನ್ನೂ ಸುಂದ್ರವ್ವನನ್ನೂ ನನ್ನನ್ನೂ ಗಾಡಿಗೆ ಹಾಕಿದರು. ಕೋಮಲ ಸತ್ತಾಗ ಸಿಗದ ಗಾಡಿ ಅಂದು ತಡ ಮಾಡದೆ ಬಂದಿತ್ತು. ಠಾಣೆಯಲ್ಲಿ ಭೂಪಾಲನ ಬಲಗೈ ಬೆರಳುಗಳ ಮೇಲೆ ಹೊಡೆದರು. "ಇದ ಕೈಲೇ ಬಿಚ್ಚಿದ್ಯಾ?" ಎಂದು ಕೇಳಿ ಕೇಳಿ ಹೊಡೆದರು. ಎರಡು ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಅವನು ಈಗ ಥಾಪಿಯನ್ನು ಎಡಗೈಯಲ್ಲಿ ಹಿಡಿಯಲು ಕಲಿಯುತ್ತಿದ್ದಾನೆ.

ಜಾಮೀನಿನ ಮೇಲೆ ಹೊರಗೆ ಬಂದಾಗ ಗೋಡೆ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಸುತ್ತಲಿನ ಊರುಗಳ ಗೌಂಡಿಗಳೆಲ್ಲ ನಮ್ಮಂಥ ಕೇರಿಗಳವರು. ಸುದ್ದಿ ಹೋಗಿತ್ತು. ಯಾರೂ ಬರಲಿಲ್ಲ. ದ್ರಾಕ್ಷಿಯ ಹಂಗಾಮು ಹತ್ತಿರ ಬರುತ್ತಿತ್ತು. ಸಾವುಕಾರ ಚಿಕ್ಕೋಡಿಯಿಂದ ಮಲಂಗಸಾಬ ಎಂಬ ಗೌಂಡಿಯನ್ನು ಕರೆತಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಬಂದವನು ಬಾಯಾರಿ ಕೇರಿಗೆ ಇಳಿದು ಬಂದು ನೀರು ಕೇಳಿದ. ಸುಂದ್ರವ್ವ ಬಿದ್ದ ಮನೆಯ ಮುಂದೆ ಒಲೆ ಹೂಡಿಕೊಂಡಿದ್ದಳು. ತಂಬಿಗೆ ಕೊಟ್ಟಳು. ಅವನು ಕುಡಿಯುತ್ತ ಕೇಳಿದ: "ಈ ಮನಿ ಯಾವಾಗ ಬಿತ್ತವ್ವಾ?"

ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು. ಅಳಲಿಲ್ಲ.

ಮಲಂಗಸಾಬ ತಂಬಿಗೆ ಕೆಳಗಿಟ್ಟ. ಮೇಲೆ ಹೋಗಿ ಸಾವುಕಾರನಿಗೆ ಹೇಳಿದ: "ಗ್ವಾಡಿ ಕಟ್ತೀನ್ರಿ. ಖರೆ, ಮೊದಲ ಗಟಾರ ಆಗಬೇಕು. ನೀರ ರಸ್ತೇಕ ಹೋಗೂತನಕ ನಾ ಒಂದ ಕಲ್ಲ ಇಡಂಗಿಲ್ಲ. ನನಗೂ ಹೆಣ್ಣಮಕ್ಕಳ ಅದಾರ."

ಸಾವುಕಾರ ಬೈದ. ಬೇರೆ ಗೌಂಡಿಯನ್ನು ಹುಡುಕಿದ. ಸಿಗಲಿಲ್ಲ. ಕೊನೆಗೆ ಹಿರಿಯರನ್ನು ಕೂಡಿಸಿ ಒಂದು ಮಾತು ಕಳಿಸಿದ. ಗಟಾರ ತೆಗೆಸುತ್ತಾನಂತೆ. ನಮ್ಮ ಮೇಲಿನ ಕೇಸನ್ನೂ ಹಿಂದೆ ತೆಗೆದುಕೊಳ್ಳುತ್ತಾನಂತೆ. ಸುಂದ್ರವ್ವ ಶೆಡ್ಡಿನ ಬಾಗಿಲಿಗೆ ಬಂದು, ನಾಲ್ಕು ಮಂದಿಯ ಮುಂದೆ, ತಪ್ಪಾಯಿತು ಅನ್ನಬೇಕಂತೆ.

ನಾವೆಲ್ಲ ಹೋದೆವು. ಸಾವುಕಾರ ಕುರ್ಚಿಯಲ್ಲಿ ಕೂತಿದ್ದ. ಸಂಜಯ ಪಟ್ಟಿ ಸುತ್ತಿದ ಕಾಲನ್ನು ಮುಂದೆ ಚಾಚಿಕೊಂಡಿದ್ದ. ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದರು.

"ಒಂದ ಮಾತ ತಂಗೀ," ಲಗಮಣ್ಣ ಕಾಕಾ ಪಿಸುಗುಟ್ಟಿದ. "ಅಂದ್ಬಿಡು. ಬಾಯಿ ಸವೆಯಂಗಿಲ್ಲ."

ಸುಂದ್ರವ್ವ ಸಾವುಕಾರನ ಮುಖ ನೋಡಿ ಹೇಳಿದಳು: "ನನ್ನ ಮಗಳ ಮ್ಯಾಲ ಗ್ವಾಡಿ ಕೆಡವಿದವರು ತಪ್ಪಾತು ಅಂದಿಲ್ಲ. ಯಾರ ಮ್ಯಾಲೂ ಬೀಳಬಾರದಂತ ಗ್ವಾಡಿ ಇಳಿಸಿದಾಕಿ ನಾ. ನಾ ಯಾಕ ಅನ್ಲಿ? ಅನ್ನಂಗಿಲ್ಲ."

"ಜೇಲಿಗೆ ಹೊಕ್ಕೀ ನೋಡು," ಸಂಜಯ ಎದ್ದ.

"ಹೊಕ್ಕೀನಿ," ಅಂದಳು. "ಅಲ್ಲಿ ಗ್ವಾಡಿ ಗಟ್ಟಿ ಇರ್ತಾವಂತ."

ತಿರುಗಿ ನಡೆದಳು. ನಾವೂ ನಡೆದೆವು.

ಕೇಸು ಇನ್ನೂ ನಡೆಯುತ್ತಿದೆ. ಕರೆದ ದಿನ ಕೂಲಿ ಬಿಟ್ಟು ಮೂವರೂ ಅಥಣಿಗೆ ಹೋಗಿ, ಕೋರ್ಟಿನ ಬೇವಿನ ಮರದ ಕೆಳಗೆ ಸಂಜೆಯವರೆಗೆ ಕೂತು, ಮತ್ತೊಂದು ದಿನ ಹೇಳಿಸಿಕೊಂಡು ಬರುತ್ತೇವೆ. ಕೋಮಲಳ ಸಾವಿಗೆ ಕೇಸಿಲ್ಲ.

ಗಟಾರವನ್ನು ಮಾತ್ರ ಸಾವುಕಾರ ತೆಗೆಸಲೇಬೇಕಾಯಿತು. ನಮಗಾಗಿ ಅಲ್ಲ. ಅಕಾಲದ ಒಂದು ಮಳೆ ಬಂದು, ಗೋಡೆಯಿಲ್ಲದ ಕಡೆಯಿಂದ ಅವನ ಮುರುಮು ಜಾರಿ ಶೆಡ್ಡಿನ ಕಂಬದ ಬುಡ ಕಾಣತೊಡಗಿತು. ಅಂದು ಸಂಜೆಯೇ ಮಲಂಗಸಾಬನಿಗೆ ಹೇಳಿ ಕಳಿಸಿದ.

ಬೆಳಗ್ಗೆ ಜೆಸಿಬಿ ಬಂತು. ಗೋಡೆಯ ಬುಡದಿಂದ ಹಿಡಿದು ಗೇಟಿನ ಮುಂದಿನವರೆಗೆ ನೆಲ ಅಗೆಯಿತು. ಮಲಂಗಸಾಬನ ಜನ ಕಲ್ಲು ಹಾಸಿದರು, ಮೇಲೆ ಚಪ್ಪಡಿ ಮುಚ್ಚಿದರು. ಮಣ್ಣು ಎಳೆದು ಸಮ ಮಾಡಿದರು. ಸಾವುಕಾರನ ಲಾರಿ ಅದರ ಮೇಲೆಯೇ ಹಾದು ಒಳಗೆ ಹೋಯಿತು. ಗಟಾರ ಇದೆಯೆಂದು ಕಾಣುತ್ತಲೂ ಇರಲಿಲ್ಲ.

ಸುಂದ್ರವ್ವ ಮತ್ತು ಭೂಪಾಲ ಬಿದ್ದ ಮನೆಯ ಕಟ್ಟೆಯ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೂ ನೋಡಿದರು. ನೀರು ಬಿಟ್ಟು ನೋಡಿದಾಗ ಅದು ಕೇರಿಯ ಕಡೆ ಒಂದು ಹನಿಯೂ ಬಾರದೆ ರಸ್ತೆಯ ಮೋರಿಗೆ ಹೋಯಿತು.

ಭೂಪಾಲ ಕೇಳಿದ: "ಇಷ್ಟ ಇತ್ತೇನ ಕೆಲಸಾ?"

"ಇಷ್ಟ," ಅಂದಳು ಸುಂದ್ರವ್ವ. "ಊಟದ ಹೊತ್ತಿನೊಳಗ ಮುಗೀತು ನೋಡ್ರಿ."